ಅವಳನ್ನು ಕೇಳದೆ ಹಿಡಿದ ವ್ರತ

ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಇನ್ನು ಮುಂದೆ ನಾನು ಬ್ರಹ್ಮಚರ್ಯದಿಂದ ಇರುತ್ತೇನೆ ಎಂದು ನನ್ನ ಹೆಂಡತಿಗೆ ಹೇಳಿದೆ. ಆಗ ನಾವು ಔರಾದದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಸರ್ವೇಯರ್. ಹೊಲಗಳ ಗಡಿ ಅಳೆಯುವುದು ನನ್ನ ಕೆಲಸ. ಅವಳು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಮರುದಿನದ ಡ್ಯೂಟಿಗೆ ಬಿಳಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದವಳು ನನ್ನ ಮಾತು ಕೇಳಿ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದಳು.

"ಎಷ್ಟು ದಿನಾರಿ?" ಎಂದಳು.

"ದಿನ ಅಂತಿಲ್ಲ. ಜೀವ ಇರೂತನಾ."

"ಯಾಕ, ನನ್ನಿಂದ ಏನಾರ ತಪ್ಪಾಗ್ಯದೇನು?"

"ನಿನ್ನ ತಪ್ಪೇನಿಲ್ಲ. ನನ್ನ ಮನಸ್ಸಿಗಿ ಶಾಂತಿ ಬೇಕಾಗ್ಯದ."

ಅವಳು ಸೀರೆಯ ಅಂಚನ್ನು ಬೆರಳಿನಿಂದ ಸರಿಮಾಡಿದಳು. ಆಮೇಲೆ, "ಲಗ್ನಕ್ಕ ಇಬ್ಬರೂ ಕೂಡಿ ಹೂಂ ಅಂದಿದ್ವಿ. ಇದಕ್ಕ ನೀವೊಬ್ಬರೇ ಹೂಂ ಅಂದೀರಿ ನೋಡ್ರಿ" ಎಂದು ಹೇಳಿ ಮತ್ತೆ ಇಸ್ತ್ರಿ ಕೈಗೆತ್ತಿಕೊಂಡಳು.

ಇವಳಿಗೆ ನನ್ನ ಸಂಕಲ್ಪದ ಎತ್ತರ ಅರ್ಥವಾಗಲಿಲ್ಲ, ಪಾಪ, ಎಂದುಕೊಂಡೆ. ಅರ್ಥವಾಗದೆ ಉಳಿದದ್ದು ನನಗೆ ಎಂದು ತಿಳಿಯಲು ಏಳು ತಿಂಗಳು ಬೇಕಾಯಿತು.

ನಾನು ಹುಟ್ಟಿ ಬೆಳೆದದ್ದು ಖಟಕ ಚಿಂಚೋಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಅಪ್ಪ ದಿನವೂ ಮಿಂದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ನಮ್ಮ ಮನೆಯಲ್ಲಿ ಮೈಯ ಸುದ್ದಿ ಬರುತ್ತಿದ್ದದ್ದು ಜ್ವರ ಬಂದಾಗ ಮಾತ್ರ. ಹದಿನೈದು ದಾಟಿದ ಮೇಲೆ ಒಳಗೆ ಎದ್ದ ಬೇಗೆಗೆ ಏನೆನ್ನಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀದರಿನಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನಲ್ಲಿ ತಣ್ಣೀರು ಸುರಿದುಕೊಂಡೆ, ಒಂದು ಹೊತ್ತು ಊಟ ಬಿಟ್ಟೆ. ಇಡೀ ಹಾಸ್ಟೆಲಿನಲ್ಲಿ ಹೊಲಸು ಮನಸ್ಸಿನವನು ನಾನೊಬ್ಬನೇ ಎಂದು ನಂಬಿದ್ದೆ. ಪೂಜೆಗೆ ಕೂತಾಗಲೆಲ್ಲ ಮೊದಲು ಕ್ಷಮೆ ಕೇಳುವುದು ರೂಢಿಯಾಯಿತು.

ನನ್ನ ಹೆಂಡತಿ ಭಾಲ್ಕಿಯವಳು, ಕಿರಾಣಿ ಅಂಗಡಿಯವರ ಮಗಳು. ಮಾತು ಕಡಿಮೆ, ಆಡಿದರೆ ನೇರ. ಔರಾದಕ್ಕೆ ಬಂದ ಮೊದಲ ವರ್ಷ ನಾವು ಬಹಳ ಸುಖವಾಗಿದ್ದೆವು. ಕಮಲನಗರದ ಕಡೆಯ ಹೊಲಗಳಲ್ಲಿ ಅಳತೆ ಮುಗಿಸಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನಡೆಯುವ ಜಗಳಗಳಿಂದ ಬಿಡಿಸಿಕೊಂಡು, ಸಿಕ್ಕ ಬಸ್ಸು ಹತ್ತಿ ಓಡಿ ಬರುತ್ತಿದ್ದೆ. ಅವಳು ಬಾಗಿಲು ತೆಗೆದರೆ ದಿನದ ದಣಿವು ಹೋಗುತ್ತಿತ್ತು. ನನ್ನನ್ನು ಹೆದರಿಸಿದ್ದು ಆ ಸುಖವೇ. ಒಬ್ಬಳಿಗಾಗಿ ಇಷ್ಟು ಹಂಬಲಿಸುವವನು ದೇವರ ಕಡೆ ಯಾವಾಗ ಮುಖ ಮಾಡಬೇಕು ಎಂಬ ಅನುಮಾನ ಹುಳದಂತೆ ಕೊರೆಯತೊಡಗಿತು.

ಆ ಶ್ರಾವಣದಲ್ಲಿ ಕಡತದ ಕೆಲಸಕ್ಕೆಂದು ಒಂದು ತಿಂಗಳು ಬೀದರಿನ ಕಚೇರಿಗೆ ಹಾಕಿದರು. ಸಂಜೆ ಹೊತ್ತು ಪರವೂರಿನಿಂದ ಬಂದ ಒಬ್ಬರ ಪ್ರವಚನ ನಡೆಯುತ್ತಿತ್ತು. ಸೊಗಸಾಗಿ ಮಾತಾಡುತ್ತಿದ್ದರು. ದಯೆ, ದುಡಿಮೆ, ಸತ್ಯ ಎಲ್ಲದರ ಬಗ್ಗೆಯೂ ಹೇಳಿದರು. ಕಾಮವನ್ನು ಗೆಲ್ಲದವನಿಗೆ ಶಾಂತಿಯಿಲ್ಲ ಎಂದು ಒಂದು ಸಂಜೆ ಹೇಳಿದರು. ಉಳಿದದ್ದೆಲ್ಲ ಅಲ್ಲೇ ಬಿಟ್ಟು ನಾನು ಅದೊಂದನ್ನೇ ಕಟ್ಟಿಕೊಂಡು ಔರಾದಕ್ಕೆ ಬಂದೆ.

ಹಾಸಿಗೆಯನ್ನು ಪಡಸಾಲೆಗೆ ತಂದುಕೊಂಡೆ. ಮೊದಲ ಹದಿನೈದು ದಿನ ನನ್ನ ಮೇಲೆ ನನಗೇ ಅಭಿಮಾನ. ಹೆಂಡತಿ ಯಾರಿಗೂ ಏನೂ ಹೇಳಲಿಲ್ಲ, ತವರಿಗೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋಗುತ್ತಿದ್ದಳು, ಬಂದು ರೊಟ್ಟಿ ಬಡಿಯುತ್ತಿದ್ದಳು. ಆಸ್ಪತ್ರೆಗೆ ಬರುವ ಹೊಸ ಸೊಸೆಯಂದಿರು ಡಾಕ್ಟರ ಮುಂದೆ ಬಾಯಿಬಿಡದ್ದನ್ನು ಅವಳ ಬಳಿ ಹೇಳಿಕೊಳ್ಳುತ್ತಿದ್ದರು. ಅವಳು ಅವರ ಕೈ ಹಿಡಿದು, ಮೈಯ ವಿಷಯವನ್ನು ಹೊಟ್ಟೆ ಹಸಿವಿನಷ್ಟೇ ಸಹಜವಾಗಿ ಬಿಡಿಸಿ ಹೇಳುತ್ತಿದ್ದಳು. ಅದನ್ನು ಕೇಳಿದರೆ ಆಗ ನನಗೆ ಮುಜುಗರ. ಇಂದು ಯೋಚಿಸಿದರೆ, ನಾನು ಕೇಳಿದ ಯಾವ ಪ್ರವಚನವೂ ಅಷ್ಟು ಸ್ವಚ್ಛವಾಗಿರಲಿಲ್ಲ.

ಶಾಂತಿ ಬರಲಿಲ್ಲ, ಸಿಟ್ಟು ಬಂತು. ಕಮಲನಗರದ ಹತ್ತಿರ ಇಬ್ಬರು ಅಣ್ಣತಮ್ಮಂದಿರ ಬದು ಅಳೆಯುತ್ತಿದ್ದೆ. ಅವರ ತಾಯಿ, ಮುದುಕಿ, ಅಳತೆಯ ಸರಪಳಿಯನ್ನು ತಿಳಿಯದೆ ತುಳಿದಳು. ನಾನು ಊರಿಗೆ ಕೇಳುವಂತೆ ಕೂಗಾಡಿದೆ. ಆಕೆ ಹೆದರಲಿಲ್ಲ. ನನ್ನ ಮುಖವನ್ನೇ ನೋಡಿ, "ಊಟ ಆಗಿಲ್ಲೇನ್ರಿ ಸಾಹೇಬ್ರ? ಎರಡು ರೊಟ್ಟಿ ತರ್ಲೇನು?" ಎಂದಳು. ತೊಗರಿ ಸಾಲಿನ ನಡುವೆ ನಿಂತು ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಅದೇ ವಾರ ಬಸ್ಸಿನಲ್ಲಿ ಇನ್ನೊಂದಾಯಿತು. ನನ್ನ ಮುಂದೆ ಒಬ್ಬ ಹೆಣ್ಣುಮಗಳು ಮೇಲಿನ ಕಂಬಿ ಹಿಡಿದು ನಿಂತಿದ್ದಳು. ಹಸಿರು ಬಳೆಯ ಕೈ. ನನಗೆ ಆ ಕೈ ಬಿಟ್ಟು ಬೇರೇನೂ ಕಾಣದಾಯಿತು. ಕಿಟಕಿಯ ಕಡೆ ತಿರುಗಿದೆ, ಕಣ್ಣು ಮುಚ್ಚಿದೆ, ಮನಸ್ಸಿನಲ್ಲೇ ಮಂತ್ರ ಹೇಳಿದೆ. ಕೊನೆಗೆ ನನ್ನ ಸ್ಟಾಪಿಗಿಂತ ಎರಡು ಸ್ಟಾಪ್ ಮೊದಲೇ ಇಳಿದು ಬಿಸಿಲಲ್ಲಿ ನಡೆದೆ. ಹೆಂಡತಿಯ ಜೊತೆ ಸುಖವಾಗಿದ್ದ ಕಾಲದಲ್ಲಿ ಬೇರೆ ಯಾರ ಕೈಯನ್ನೂ ನಾನು ಹಾಗೆ ನೋಡಿದವನಲ್ಲ. ಅದು ನನಗೆ ಆ ರಸ್ತೆಯಲ್ಲಿ ಹೊಳೆಯಿತು. ಹೊಳೆದರೂ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ನಮ್ಮ ಮನೆಯ ಮಾಲೀಕರು ಅದೇ ಅಂಗಳದ ಆಚೆ ಬದಿಗೆ ಇದ್ದರು. ಬೌದ್ಧ ಮನೆತನದ ಗಂಡ ಹೆಂಡತಿ, ಇಬ್ಬರಿಗೂ ಅರವತ್ತೈದು ದಾಟಿತ್ತು. ನಾವು ಅವರನ್ನು ಕಾಕಾ, ಕಾಕಿ ಎನ್ನುತ್ತಿದ್ದೆವು. ಕಾಕಾ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ದಿನವೂ ಬೆಳಗಾಗುತ್ತಲೇ ಅಂಗಳದ ಬೇವಿನ ಮರದ ಕೆಳಗೆ ಒಂದು ತಾಸು ಕಣ್ಣುಮುಚ್ಚಿ ಕೂರುತ್ತಿದ್ದರು. ಎದ್ದು ಚಹಾ ಮಾಡುತ್ತಿದ್ದರು. ಕಾಕಿಗೆ ಲಕ್ವಾ ಹೊಡೆದು ಬಲಗೈ ಏಳುತ್ತಿರಲಿಲ್ಲ. ಆಕೆಯನ್ನು ಮೆಟ್ಟಿಲ ಮೇಲೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ ಹೆರಳು ಹಾಕುತ್ತಿದ್ದರು. ಅವರ ಮುಖದಲ್ಲಿ ನಾನು ಬಯಸಿದ್ದ ಶಾಂತಿ ಇತ್ತು. ಕಾಮವನ್ನು ಗೆದ್ದವರೆಂದರೆ ಇವರೇ ಎಂದು ತೀರ್ಮಾನಿಸಿ ಒಂದು ದಿನ ಬೆಳಿಗ್ಗೆ ಅವರ ಬಳಿ ಹೋದೆ. ಅವರು ಕಾಕಿಯ ತಲೆ ಬಾಚುತ್ತಿದ್ದರು.

"ಕಾಕಾ, ನಿಮ್ಮಂಗ ಆಸಿ ಗೆಲ್ಲಬೇಕಂದ್ರ ಎಷ್ಟು ವರ್ಷ ಬೇಕ್ರಿ?"

"ನಾ ಗೆದ್ದೇನಿ ಅಂತ ಯಾರ್ ಹೇಳ್ಯಾರ್ರಿ ಸಾಹೇಬ್ರ?" ಎಂದು ಕಾಕಾ ನಕ್ಕರು.

"ದಿನಾ ಧ್ಯಾನಕ್ಕ ಕುಂದ್ರತೀರಲ್ರಿ."

"ಗೆಲ್ಲಾಕ ಕುಂದ್ರಂಗಿಲ್ರಿ. ನೋಡ್ಲಕ್ಕ ಕುಂದ್ರತೇನಿ."

ಆಮೇಲೆ ಅವರು ತಮ್ಮ ಕಥೆ ಹೇಳಿದರು. ಮೂವತ್ತೈದರ ವಯಸ್ಸಿನಲ್ಲಿ ಮಹಾರಾಷ್ಟ್ರದ ಕಡೆ ಒಂದು ಶಿಬಿರಕ್ಕೆ ಹೋಗಿ, ತಲೆ ಬೋಳಿಸಿ, ಹತ್ತು ದಿನಕ್ಕೆಂದು ಕಾವಿ ಚೀವರ ಉಟ್ಟು ಭಿಕ್ಖುವಿನಂತೆ ಇದ್ದರಂತೆ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಕಣ್ಣು ಮುಚ್ಚಿದರೆ ಹೆಂಡತಿ ಕಾಣತೊಡಗಿದಳು. ರೊಟ್ಟಿ ಬಡಿಯುವ ಆ ತೋಳು, ಬೆವರಿದ ಕತ್ತು. ಚೀವರ ಉಟ್ಟ ಮೈಗೆ ಇದೆಂಥ ಪಾಪ ಎಂದು ಅಳುತ್ತ ಶಿಬಿರದ ಗುರು ಭಂತೇಜಿಯ ಬಳಿ ಹೋದರಂತೆ.

"ಅವರು ಬೈಲಿಲ್ರಿ," ಎಂದರು ಕಾಕಾ. "ಈಗೂ ಅದ ಏನು ಅದು, ಅಂದ್ರು. ನೋಡ್ಕೊಂಡೆ, ಇರಲಿಲ್ಲ. ಯಾವಾಗ ಹೋತು, ಅಂದ್ರು. ನನಗ ಗೊತ್ತಿರಲಿಲ್ಲ. ಬರೂದಷ್ಟೇ ನೋಡೀದಿ, ಹೋಗೂದು ನೋಡೇ ಇಲ್ಲ, ಹೋಗಿ ಕುಂದ್ರು, ಅಂದ್ರು."

"ಆಮ್ಯಾಲ?"

"ಆಮ್ಯಾಲ ನೋಡ್ಲಕ್ಕ ಕಲ್ತೆ. ಅದರಾಗ ಎರಡು ಇರ್ತಾವ್ರಿ ಸಾಹೇಬ್ರ. ನನಗ ಬೇಕು ಅನ್ನೂದು ಒಂದು. ಆಕಿ ಹ್ಯಾಂಗಿದ್ದಾಳ ಅನ್ನೂದು ಒಂದು. ಹೊಡದಾಡಿದ್ರ ಮೊದಲಿಂದೇ ಬೆಳೀತದ. ಸುಮ್ಮ ನೋಡಿದ್ರ ಅದು ಜರಾ ತೆಳ್ಳಗಾಗಿ ಎರಡನೇದು ಕಾಣ್ತದ. ಹತ್ತು ದಿನ ಮುಗಿಸಿ ಮನಿಗಿ ಬಂದೆ. ನಾ ಸಂಸಾರಸ್ಥ, ಭಿಕ್ಖು ಅಲ್ಲ. ಮನಿಗಿ ಬಂದು ಈಕಿನ ಮೊದಲನೇ ಸಲ ಖರೇ ನೋಡಿದಂಗ ಆತು."

ಕಾಕಿಯ ಮಾತು ಲಕ್ವಾದಿಂದ ಸ್ವಲ್ಪ ತೊದಲುತ್ತಿತ್ತು. ಆದರೆ ಆಡಿದ್ದು ಸ್ಪಷ್ಟವಾಗಿಯೇ ಇತ್ತು. "ಇವರು ಆ ಹತ್ತು ದಿನಕ್ಕ ನನ್ನ ಕೇಳಿ ಹೋಗಿದ್ರು. ನಾ ಹೋಗ್ರಿ ಅಂದಿದ್ದೆ. ನೀವು ಸಿಸ್ಟರಿಗಿ ಕೇಳೀರೇನ್ರಿ?"

ನಮ್ಮ ವಿಷಯ ಆಕೆಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳುವ ಮೊದಲೇ ಆಕೆ, "ನಿಮ್ಮ ಹಾಸಿಗಿ ಪಡಸಾಲ್ಯಾಗ ಬಿದ್ದಿದ್ದು ನಮ್ಮ ಕಟ್ಟಿಮ್ಯಾಲ ಕುಂತ್ರ ಕಾಣ್ತದ್ರಿ" ಎಂದು ಹೇಳಿ ಕಣ್ಣು ಮುಚ್ಚಿದಳು. ಕಾಕಾ ಹೆರಳಿನ ತುದಿಗೆ ರಿಬ್ಬನ್ ಕಟ್ಟುತ್ತಿದ್ದರು.

ಅವತ್ತು ಸಂಜೆ ಹೆಂಡತಿಗೆ, "ನಿನ್ನ ಒಂದು ಮಾತು ಕೇಳಬೇಕಾಗಿತ್ತು ನಾನು" ಎಂದೆ.

"ಈಗ ಕೇಳ್ಲತ್ತೀರೇನು, ಹೇಳ್ಲತ್ತೀರೇನು?" ಎಂದಳು.

ಸೋಲಲು ನನಗಿನ್ನೂ ಮನಸ್ಸಿರಲಿಲ್ಲ. ನಮ್ಮ ಮನೆತನಕ್ಕೆ ಲಿಂಗದೀಕ್ಷೆ ಕೊಟ್ಟ ಹಿರಿಯ ಸ್ವಾಮಿಗಳು ಭಾಲ್ಕಿಯ ಹತ್ತಿರದ ಒಂದು ಹಳ್ಳಿಯ ಸಣ್ಣ ಮಠದಲ್ಲಿದ್ದರು. ಹುಟ್ಟಾ ಬ್ರಹ್ಮಚಾರಿ, ಎಲ್ಲರಿಗೂ ಅಪ್ಪಾವರು. ಅವರಾದರೂ ನನ್ನ ಪರ ನಿಲ್ಲುತ್ತಾರೆ ಎಂಬ ಆಸೆಯಿಂದ, ಅಪ್ಪಾವರನ್ನೇ ಕೇಳೋಣ ಎಂದೆ.

"ಹೋಗೋಣ್ರಿ. ಆದ್ರ ಅಲ್ಲಿ ನಾನೂ ಮಾತಾಡ್ತೇನಿ," ಎಂದಳು.

ಭಾಲ್ಕಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಮಠ ಮುಟ್ಟಿದಾಗ ಹತ್ತು ಗಂಟೆ. ಎಂಬತ್ತರ ಅಪ್ಪಾವರು ಜಗುಲಿಯ ಮೇಲೆ ಕೂತು, ಮೊರದಲ್ಲಿ ಕಡಲೆ ಬೇಳೆ ಹರವಿಕೊಂಡು ಹರಳು ಆರಿಸುತ್ತಿದ್ದರು. ಪಕ್ಕದಲ್ಲಿ ಇಬ್ಬರು ಭಕ್ತರು. ನಾವು ನಮಸ್ಕಾರ ಮಾಡಿದೆವು. ನನ್ನ ಹೆಂಡತಿ ಅವರ ಎದುರು ಕೂತು ತಾನೂ ಬೇಳೆಗೆ ಕೈ ಹಾಕಿದಳು. ನಾನು ಮಾತು ಹೇಗೆ ತೆಗೆಯಲಿ ಎಂದು ಹುಡುಕುತ್ತಿರುವಾಗಲೇ ಅವಳು ಶುರುಮಾಡಿದ್ದಳು.

"ಅಪ್ಪಾವರೇ, ಇವರು ನನ್ನ ಹೊಡದಿಲ್ಲ, ಬೈದಿಲ್ಲ, ಬಿಟ್ಟೂ ಇಲ್ಲ. ಮೈ ಅಷ್ಟೇ ಮುಟ್ಟಂಗಿಲ್ಲ ಅಂದಾರ. ದೇವರ ಸಲುವಾಗಿ ಅಂತ."

ಭಕ್ತರಿಬ್ಬರೂ ಎದ್ದು ಹೋಗಲು ನೋಡಿದರು. "ಕುಂದ್ರಿರಿ ಯಣ್ಣಾ, ನಾಚೂ ಮಾತೇನಲ್ಲ," ಎಂದಳು ಅವಳು, ಆಸ್ಪತ್ರೆಯಲ್ಲಿ ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ. ಅವರು ಕೂತರು. ಅವಳು ಮುಂದುವರಿಸಿದಳು. "ಲಿಂಗ ನಾನೂ ಕಟ್ಟೇನಿ ಅಪ್ಪಾವರೇ, ಇದೇ ಮೈಮ್ಯಾಲ. ಹಂಗಿದ್ದ ಮ್ಯಾಲ ಈ ಮೈ ದೇವರಿಗಿ ಅಡ್ಡ ಹ್ಯಾಂಗ ಆಗ್ತದ್ರಿ?"

ಅಪ್ಪಾವರು ಬೇಳೆಯಲ್ಲಿ ಬೆರಳಾಡಿಸುತ್ತಲೇ ಇದ್ದರು. ನಂತರ ನನ್ನ ಕಡೆ ತಿರುಗಿದರು.

"ನಾ ಹತ್ತೊಂಬತ್ತರಾಗ ಬಿಟ್ಟೆನಪ್ಪಾ. ಬಿಟ್ಟಿದ್ದು ನಂದು. ಅದರಿಂದ ಯಾರ ಮನಿಯೂ ಖಾಲಿ ಆಗಲಿಲ್ಲ. ನೀ ಬಿಟ್ಟೀದಿಯಲ್ಲಾ, ಅದರಾಗ ಅರ್ಧ ಈಕಿಂದು. ಮತ್ತೊಬ್ಬರ ಹೊಲದ ಬೆಳಿ ತಂದು ದೇವರಿಗಿ ಏರಿಸಿದ್ರ ಅದಕ್ಕ ಭಕ್ತಿ ಅಂತಾರೇನು? ನೀ ಹೊಲ ಅಳ್ಯಾವ, ನಿನಗ ನಾ ಏನು ಹೇಳ್ಲಿ."

"ಮನಸ್ಸಿಗಿ ಶಾಂತಿ ಬೇಕಂತ..." ಎಂದೆ.

"ಸಿಕ್ಕದೇನು?"

"ಇಲ್ರಿ."

"ನನಗ ಎಂಬತ್ತು. ಆಸಿ ಪೂರಾ ಹೋಗ್ಯದ ಅಂದ್ರ ಸುಳ್ಳಾಗ್ತದ. ಬಂದ್ರ ಬಂದೀಯೇನಪ್ಪಾ ಅಂತೇನಿ, ಸಿಟ್ಟಿಗೇಳಂಗಿಲ್ಲ. ಅದೂ ಹೋಗ್ತದ. ಆದ್ರ ನಿನಗಿರೂದು ಆಸಿದು ಅಂಜಿಕಿ ಅಲ್ಲ. ಈಕಿ ಇಲ್ದ ನಾ ಇರಲಾರೆ ಅಂತ ಗೊತ್ತಾಗ್ಯದ, ಅದರ ಅಂಜಿಕಿ. ನಮ್ಮ ಶರಣರೊಳಗ ಬಹಳ ಮಂದಿ ಸಂಸಾರ ಮಾಡಿದವರೇ. ಹೆಂಡತಿನ ಜೋಡಿ ಕರಕೊಂಡು ಹೋದ್ರು, ದಾರ್ಯಾಗ ಬಿಟ್ಟು ಹೋಗಲಿಲ್ಲ."

ತಾವು ಬದುಕಿದ ದಾರಿಯೇ ದೊಡ್ಡದು ಎಂದು ಹೇಳುವ ಅವಕಾಶ ಅವರಿಗಿತ್ತು. ಹೇಳಲಿಲ್ಲ. ತಮ್ಮೊಳಗಿನದನ್ನು ಒಬ್ಬ ಹೆಣ್ಣುಮಗಳ ಎದುರು, ಇಬ್ಬರು ಭಕ್ತರ ಎದುರು ಅಷ್ಟು ಸರಳವಾಗಿ ಒಪ್ಪಿಕೊಂಡರು. ಅವರ ಬ್ರಹ್ಮಚರ್ಯದ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ಏಳುವಾಗ ಅವರು ಅವಳಿಗೆ ಮಾತ್ರ, "ತಾಯಿ, ಊಟ ಮಾಡ್ಕೊಂಡು ಹೋಗ್ರಿ" ಎಂದರು.

ಮನೆಗೆ ಬಂದವನೇ ಪಡಸಾಲೆಯ ಹಾಸಿಗೆ ಸುತ್ತಿಕೊಂಡು ಒಳಗೆ ಹೊರಟೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅವಳು ಬಾಗಿಲಲ್ಲೇ ನಿಂತಿದ್ದಳು.

"ತಡೀರಿ. ಹೋಗೂಮುಂದ ಕೇಳಲಿಲ್ಲ. ಬರೂಮುಂದರ ಕೇಳ್ರಿ."

ಕೇಳಿದೆ.

"ಈಗ ಬ್ಯಾಡ. ನನಗ ಟೈಮ್ ಬೇಕು. ನಾನೇ ಹೇಳ್ತೇನಿ," ಎಂದಳು.

ಹಾಸಿಗೆ ಮತ್ತೆ ಪಡಸಾಲೆಗೆ ಹೋಯಿತು. ಈ ಸಲ ಅದರಲ್ಲಿ ಅಭಿಮಾನವಿರಲಿಲ್ಲ. ಸಂಜೆ ಇಬ್ಬರೂ ಊರಾಚೆಯ ಹೊಲದ ದಾರಿಯಲ್ಲಿ ನಡೆಯಲು ಹೋಗತೊಡಗಿದೆವು. ಮೊದಮೊದಲು ಸುಮ್ಮನೆ ನಡೆಯುತ್ತಿದ್ದೆವು. ಆಮೇಲೆ ಅವಳು ಮಾತಾಡತೊಡಗಿದಳು. ದಿನವೂ ಆಸ್ಪತ್ರೆಯಲ್ಲಿ ಎಷ್ಟೋ ಜನರ ಕೈ ಹಿಡಿದು ನಾಡಿ ನೋಡುತ್ತಿದ್ದ ತನಗೆ ಮನೆಗೆ ಬಂದರೆ ಕೈ ಹಿಡಿಯುವವರಿರಲಿಲ್ಲ ಎಂದಳು. ಒಂದು ದಿನ, ಎಂದಿನ ಸಮ ದನಿಯಲ್ಲೇ, "ನನ್ನ ಮೈಗಿ ಏನಾರ ವಾಸನಿ ಬರ್ತದೇನು ಅಂತ ಎರಡೆರಡು ಸಲ ಜಳಕಾ ಮಾಡ್ತಿದ್ದೆ" ಎಂದಳು. ನಾನು ರಸ್ತೆಯ ಮೇಲೆ ನಿಂತುಬಿಟ್ಟೆ. ಹಾಸ್ಟೆಲಿನಲ್ಲಿ ತಣ್ಣೀರು ಸುರಿದುಕೊಂಡ ನನ್ನ ನಾಚಿಕೆಯನ್ನು ನಾನು ಅವಳ ಮೈಗೆ ದಾಟಿಸಿದ್ದೆ. ಹಾಗೆಂದೆ. ಕ್ಷಮೆ ಕೇಳಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ನಡೀರಿ ಎಂದಳು.

ಎರಡೂವರೆ ತಿಂಗಳಾದ ಮೇಲೆ, ಹಬ್ಬದ ರಜೆಯ ಒಂದು ಬೆಳಿಗ್ಗೆ, ಶೇಂಗಾ ಚಟ್ನಿ ಕುಟ್ಟುತ್ತಿದ್ದವಳು ಕೈ ತೊಳೆದುಕೊಂಡು ಬಂದು, "ಬಾಗಿಲು ಹಾಕ್ರಿ" ಎಂದಳು. ಅಂದು ನನಗೆ ದೊಡ್ಡ ಜ್ಞಾನವೇನೂ ಆಗಲಿಲ್ಲ. ಆದರೆ ಮರುದಿನ ಪೂಜೆಗೆ ಕೂತಾಗ, ಹಾಸ್ಟೆಲಿನ ದಿನಗಳಿಂದ ತಪ್ಪದೆ ಕೇಳುತ್ತಿದ್ದ ಕ್ಷಮೆಯನ್ನು ಕೇಳುವುದು ಮರೆತೇ ಹೋಗಿತ್ತು. ಪೂಜೆ ಮುಗಿದ ಮೇಲೆ ಅದು ನೆನಪಾಯಿತು.

ಮಗಳು ಹುಟ್ಟಿದಳು. ಇಬ್ಬರಿಗೂ ಬೀದರಿಗೆ ವರ್ಗವಾಯಿತು. ನಲವತ್ತೊಂದರ ವಯಸ್ಸಿನಲ್ಲಿ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಯಿತು. ಚೇತರಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವಳು, "ಸ್ವಲ್ಪ ದಿನ ದೂರ ಇರೋಣ ಅನಸ್ತದ್ರಿ. ಮೈಗಿ ಬ್ಯಾಡಾಗ್ಯದ. ನಿಮಗ ಹ್ಯಾಂಗ?" ಎಂದು ಕೇಳಿದಳು. ನಾನು ಹೂಂ ಅಂದೆ. ಆ ದೂರ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಹೊರಗಿನಿಂದ ನೋಡಿದರೆ ಔರಾದದ ಏಳು ತಿಂಗಳಿಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಆದರೆ ಈ ಸಲ ನಾವು ಒಂದೇ ಕೋಣೆಯಲ್ಲಿದ್ದೆವು, ಅವಳ ಕಾಲು ನೋಯುತ್ತಿದ್ದರೆ ಒತ್ತುತ್ತಿದ್ದೆ, ನಗುತ್ತಿದ್ದೆವು. ಆಸೆ ಬರುತ್ತಿತ್ತು. ಮಾಳಿಗೆಯ ಮೇಲೆ ಹೋಗಿ ಕೂತರೆ, ಅದು ಬಂದದ್ದು ಕಾಣುತ್ತಿತ್ತು, ಕೆಲವು ಸಲ ಹೋದದ್ದೂ ಕಾಣುತ್ತಿತ್ತು. ಸಿಟ್ಟು ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಮಗಳ ಮದುವೆ ನಿಶ್ಚಯವಾಯಿತು. ಅವಳಿಗೆ ಹೇಳಬೇಕಾದದ್ದನ್ನೆಲ್ಲ ತಾಯಿಯೇ ಹೇಳಿದಳು. ಎರಡು ಮಧ್ಯಾಹ್ನ ಇಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿದರು. ಆಮೇಲೆ ಮಗಳು ನನ್ನ ಬಳಿ ಬಂದು, "ಅಪ್ಪಾ, ಅವ್ವ ನಿಮ್ಮ ಏಳು ತಿಂಗಳದ್ದೂ ಹೇಳಿದ್ಳು" ಎಂದಳು.

ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ಏನಂತ ಹೇಳಿದ್ಳು?"

"ನಿಮ್ಮಪ್ಪ ತಪ್ಪು ಮಾಡಿದ್ರು, ತಿಳದ ಮ್ಯಾಲ ಕೇಳಿ ತಿರುಗಿ ಬಂದ್ರು ಅಂದ್ಳು. ಅಷ್ಟೇ."

ಒಳಗಿನಿಂದ ಹೆಂಡತಿಯ ದನಿ ಬಂತು. "ಅಳಿಯಗೂ ಯಾರಾರ ಹೇಳಬೇಕಲ್ರಿ. ಅದು ನಿಮ್ಮ ಕೆಲಸ."

ಒಂದು ಭಾನುವಾರ ಬೆಳಿಗ್ಗೆ ಅಳಿಯನಾಗುವವನನ್ನು ಬೀದರಿನ ಕೋಟೆಗೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ನೆರಳಿರುವ ಕಡೆ ಕೂತು, ನಾನು ಮಾಡಿದ್ದನ್ನೂ ಅವಳು ಅಂದದ್ದನ್ನೂ ಬಿಡದೆ ಹೇಳಿದೆ. ಅವನು ಕಿವಿ ಕೆಂಪಗಾಗಿ, ಕೆಳಗಿನ ಹುಲ್ಲು ನೋಡುತ್ತ ಕೇಳಿದ.

"ಮಾಮಾ, ಇಂಥಾ ಮಾತು ನಮ್ಮಪ್ಪ ನನ್ನ ಜೋಡಿ ಎಂದೂ ಆಡಿಲ್ರಿ," ಎಂದ ಕೊನೆಗೆ.

"ನಮ್ಮಪ್ಪನೂ ಆಡಿರಲಿಲ್ಲ," ಎಂದೆ.

ಅವನು ಮೆಲ್ಲಗೆ ಒಂದು ಪ್ರಶ್ನೆ ಕೇಳಿದ. ಆಮೇಲೆ ಇನ್ನೊಂದು. ಬಿಸಿಲು ನಮ್ಮ ಕಾಲಿಗೆ ಬರುವವರೆಗೆ ಅಲ್ಲೇ ಕೂತಿದ್ದೆವು.